ಮಗುವಿನ ತುತ್ತು ಮತ್ತು ನೆರೆಯವರ ನಾಲಿಗೆ

ಮನೆಯಲ್ಲಿ ತೊಟ್ಟಿಲು ಕಟ್ಟಿದರೆಂದರೆ ಸಾಕು, ಬಂದು ಹೋಗುವ ಬಂಧುಗಳೆಲ್ಲರೂ ಉಪದೇಶಕರಾಗಿಬಿಡುತ್ತಾರೆ. ಮಗುವಿಗೆ ಏನು ತಿನ್ನಿಸಬೇಕು, ಏನು ತಿನ್ನಿಸಬಾರದು, ಎಷ್ಟು ಹೊತ್ತು ಮಲಗಿಸಬೇಕು, ಯಾವ ಎಣ್ಣೆ ಹಚ್ಚಬೇಕು ಎಂದು ಪ್ರತಿಯೊಬ್ಬರ ಬಳಿಯೂ ಒಂದೊಂದು ಸಲಹೆ ಸಿದ್ಧವಾಗಿರುತ್ತದೆ. ಆ ಉಪದೇಶಕರ ಸಾಲಿನಲ್ಲಿ ನಾವೂ ಒಬ್ಬರಾಗಿದ್ದೆವು ಎಂಬುದನ್ನು ಈ ತಿಂಗಳ ಅಂಕಣದಲ್ಲಿ ಸಂಕೋಚದಿಂದಲೇ ಒಪ್ಪಿಕೊಳ್ಳಬೇಕಾಗಿದೆ.

2023ರ ಶ್ರಾವಣ ಮಾಸ. ತುಮಕೂರಿನಲ್ಲಿರುವ ನಮ್ಮ ಕಿರಿಯ ಗೆಳತಿಯೊಬ್ಬಳ ಮನೆಗೆ, ಪರಿಚಿತರಾದ ಇನ್ನೂ ಮೂವರು ತಾಯಂದಿರೊಡನೆ ಹೋಗಿದ್ದೆವು. ಗೆಳತಿ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಮದುವೆಯಾಗಿ ಆರು ವರ್ಷಗಳ ಮೇಲೆ ಹುಟ್ಟಿದ ಹೆಣ್ಣುಕೂಸಿಗೆ ಆಗ ಹತ್ತು ತಿಂಗಳು. ನಾವು ಒಳಗೆ ಕಾಲಿಟ್ಟಾಗ ಅವಳ ಅತ್ತೆಯವರು ಗೋಡೆಗೆ ಒರಗಿ ಕುಳಿತು, ಬಟ್ಟಲಿನ ಚಹಾದಲ್ಲಿ ಬಿಸ್ಕತ್ತು ಅದ್ದಿ ಮೊಮ್ಮಗಳ ಬಾಯಿಗೆ ಇಡುತ್ತಿದ್ದರು. ಮಗುವಾದರೋ ಹಕ್ಕಿಮರಿಯಂತೆ ಬಾಯಿ ತೆರೆದು ತಿನ್ನುತ್ತಿತ್ತು. ಪಕ್ಕದಲ್ಲಿ ಅರ್ಧ ಖಾಲಿಯಾದ ಆಲೂಗಡ್ಡೆ ಚಿಪ್ಸಿನ ಪೊಟ್ಟಣ, ಕಿಟಕಿಯ ಮೇಲೆ ಬಣ್ಣದ ಸಿಹಿ ಪಾನೀಯದ ಬಾಟಲಿ ಇದ್ದವು.

ನಮಗೆ ಸುಮ್ಮನಿರಲಾಗಲಿಲ್ಲ. "ಓದಿದವಳು ನೀನು, ಊರಿನ ಮಕ್ಕಳಿಗೆಲ್ಲ ಪಾಠ ಹೇಳುವವಳು. ಎದೆಹಾಲು ಬಿಡದ ಕೂಸಿಗೆ ಟೀ ಕುಡಿಸುತ್ತೀರಲ್ಲ, ಇದೇನಮ್ಮ ಇದು?" ಎಂದು ಎಲ್ಲರೆದುರಿಗೇ ಕೇಳಿಬಿಟ್ಟೆವು. ಜೊತೆಗಿದ್ದವರು ತಲೆದೂಗಿದರು. ಅತ್ತೆಯವರ ಕೈಯಲ್ಲಿದ್ದ ಬಿಸ್ಕತ್ತು ಹಾಗೆಯೇ ನಿಂತಿತು. ಗೆಳತಿ ಒಂದು ಮಾತನ್ನೂ ಆಡದೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಹಿಂತಿರುಗುವಾಗ ದಾರಿಯುದ್ದಕ್ಕೂ ನಮ್ಮ ನಾಲ್ವರಲ್ಲಿ ಅದೇ ಚರ್ಚೆ. ಈಗಿನ ಕಾಲದ ಹೆಣ್ಣುಮಕ್ಕಳಿಗೆ ತಾಳ್ಮೆಯೇ ಇಲ್ಲವೆಂದು ನಾವು ತೀರ್ಪು ಕೊಟ್ಟೂ ಆಗಿತ್ತು.

ನಾವು ಆಡಿದ ಮಾತಿನಲ್ಲಿ ಹುರುಳಿರಲಿಲ್ಲವೇ? ಖಂಡಿತವಾಗಿಯೂ ಇತ್ತು. ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಆ ಮೇಲೆ ಮೆತ್ತನೆಯ ಆಹಾರವನ್ನು ಆರಂಭಿಸಿ, ಎರಡು ವರ್ಷದವರೆಗೆ ಅಥವಾ ಅದಕ್ಕೂ ಮೀರಿ ಎದೆಹಾಲನ್ನು ಮುಂದುವರಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸಿಹಿ ಪಾನೀಯಗಳನ್ನೂ, ಸಕ್ಕರೆ ಮತ್ತು ಉಪ್ಪು ಹೆಚ್ಚಾಗಿರುವ ತಿನಿಸುಗಳನ್ನೂ ಕೊಡಬಾರದೆಂದು ಅದೇ ಸಂಸ್ಥೆ 2023ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ತಾಯಿಯ ಗರ್ಭದಿಂದ ಮಗು ತಂದುಕೊಂಡ ಕಬ್ಬಿಣದ ಅಂಶದ ಸಂಗ್ರಹ ಸುಮಾರು ಆರು ತಿಂಗಳಿಗೆ ಕರಗುತ್ತ ಬರುತ್ತದೆ. ಆ ಹೊತ್ತಿನಲ್ಲಿ ಚಹಾ ಕುಡಿಸಿದರೆ, ಅದರಲ್ಲಿರುವ ಒಗರಿನ ಅಂಶವು ಆಹಾರದಲ್ಲಿನ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಬಿಸ್ಕತ್ತು ಪುಟ್ಟ ಹೊಟ್ಟೆಯನ್ನು ತುಂಬಿಸುತ್ತದೆಯೇ ಹೊರತು ಪುಷ್ಟಿಯನ್ನು ಕೊಡುವುದಿಲ್ಲ. ನಮ್ಮಂತಹ ಸಸ್ಯಾಹಾರಿ ಮನೆತನಗಳಲ್ಲಂತೂ ಬೇಳೆಕಾಳು, ಸೊಪ್ಪುಗಳಿಂದಲೇ ಕಬ್ಬಿಣವನ್ನು ಪಡೆಯಬೇಕಾದ್ದರಿಂದ ಹೆಚ್ಚಿನ ಎಚ್ಚರ ಅಗತ್ಯ. ಹೀಗೆ ನಮ್ಮ ಮಾತು ಸರಿಯಾಗಿಯೇ ಇತ್ತು. ಆದರೆ ಅದರಿಂದ ಆ ಮಗುವಿಗೆ ಆದ ಪ್ರಯೋಜನವೇನು ಎಂಬ ಪ್ರಶ್ನೆ ನಮಗೆ ಆಗ ಹೊಳೆಯಲೇ ಇಲ್ಲ.

ನವರಾತ್ರಿ ಕಳೆಯಿತು, ದೀಪಾವಳಿಯೂ ಬಂದು ಹೋಯಿತು. ವಾರಕ್ಕೊಮ್ಮೆಯಾದರೂ ಮನೆಗೆ ಬರುತ್ತಿದ್ದ ಗೆಳತಿ ಅತ್ತ ಸುಳಿಯಲಿಲ್ಲ. ದೂರವಾಣಿಯಲ್ಲಿ ಮಾತನಾಡಿಸಿದರೆ "ಶಾಲೆಯಲ್ಲಿ ಕೆಲಸ ಹೆಚ್ಚು ಅಕ್ಕ" ಎಂಬ ಚುಟುಕು ಉತ್ತರ. ಈ ವಿಷಯವನ್ನು ಒಂದು ಸಂಜೆ ನಮ್ಮ ತಾಯಿಯವರ ಬಳಿ ಹೇಳಿಕೊಂಡೆವು. ಎಂಬತ್ತರ ಸಮೀಪದಲ್ಲಿರುವ ಅವರು ಎಲ್ಲವನ್ನೂ ಕೇಳಿ, "ಆವತ್ತು ಆ ಕೂಸಿಗೆಂದು ನೀನು ಏನು ತೆಗೆದುಕೊಂಡು ಹೋಗಿದ್ದೆ?" ಎಂದರು.

ನಾವು ನಿರುತ್ತರರಾದೆವು. ಆ ದಿನ ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಕೊಂಡು ನಮ್ಮ ಕೈಚೀಲದಲ್ಲಿ ಒಯ್ದಿದ್ದು ಎರಡು ಪೊಟ್ಟಣ ಕ್ರೀಮ್ ಬಿಸ್ಕತ್ತು! ಮಗುವಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬ ಸಂಪ್ರದಾಯವನ್ನು ನಾವು ಹಾಗೆ ಪಾಲಿಸಿದ್ದೆವು. ಬೈಯುವ ಮೊದಲೇ ಅದನ್ನು ಅತ್ತೆಯವರ ಪಕ್ಕದಲ್ಲಿ ಇಟ್ಟೂ ಇದ್ದೆವು. ತಾಯಿಯವರು ಮತ್ತೆ ಕೇಳಿದರು: "ಅಷ್ಟು ಮಾತು ಕೊಟ್ಟು ಬಂದವಳು ಒಂದು ಹಿಡಿ ರಾಗಿಹಿಟ್ಟು ಕೊಟ್ಟು ಬರಬಾರದಿತ್ತೇ?"

ಆ ರಾತ್ರಿ ನಮಗೆ 1996ನೆಯ ಇಸವಿ ನೆನಪಾಯಿತು. ನಮ್ಮ ಹಿರಿಯ ಮಗ ಹುಟ್ಟಿದ ವರ್ಷ ಅದು. ಹುಟ್ಟಿದ ಮೂರನೆಯ ದಿನವೇ ಅವನ ನಾಲಿಗೆಗೆ ಜೇನು ಸವರಿದ್ದೆವು. ಜೇನಿನಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಯ ಕೂಸಿನ ಕರುಳಿನಲ್ಲಿ ಬೆಳೆದು ಪ್ರಾಣಕ್ಕೇ ಅಪಾಯ ತರಬಹುದಾದ್ದರಿಂದ ಒಂದು ವರ್ಷ ತುಂಬುವ ಮೊದಲು ಜೇನು ಕೊಡಬಾರದೆಂಬುದು ಆಗ ನಮಗೆ ಗೊತ್ತಿರಲಿಲ್ಲ. ನಾಲ್ಕನೆಯ ತಿಂಗಳಿಗೇ ಬಾಟಲಿಯಲ್ಲಿ ಸಕ್ಕರೆ ಬೆರೆಸಿದ ಹಸುವಿನ ಹಾಲನ್ನೂ ಕುಡಿಸಿದ್ದೆವು. ಅದನ್ನು ಕಂಡ ಆರೋಗ್ಯ ಕೇಂದ್ರದ ದಾದಿಯೊಬ್ಬರು ನಮ್ಮನ್ನು ಹಂಗಿಸಲಿಲ್ಲ. ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಕೂಸನ್ನು ಎದೆಗೆ ಹಿಡಿಯುವ ರೀತಿಯನ್ನು ಮತ್ತೊಮ್ಮೆ ತೋರಿಸಿಕೊಟ್ಟರು. ಮೂರು ದಿನ ಬಿಡದೆ ಬಂದು ವಿಚಾರಿಸಿದರು. ನಮಗೆ ದೊರೆತ ಆ ದಯೆಯನ್ನು ನಾವು ಇನ್ನೊಬ್ಬರಿಗೆ ತೋರದೆ ಹೋದೆವಲ್ಲ ಎಂದು ಮನಸ್ಸು ಕುಗ್ಗಿತು.

ಮರುವಾರ ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಸಿದೆವು. ತೆಳುವಾದ ಬಟ್ಟೆಯಲ್ಲಿ ಸೋಸಿದ ಆ ಹಿಟ್ಟನ್ನು ಡಬ್ಬಿಯಲ್ಲಿ ತುಂಬಿಕೊಂಡು, ಡಿಸೆಂಬರಿನ ಒಂದು ಭಾನುವಾರ ಒಬ್ಬರೇ ಗೆಳತಿಯ ಮನೆಗೆ ಹೋದೆವು. ಮೊದಲು ಕ್ಷಮೆ ಕೇಳಿದೆವು. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಕಣ್ಣೊರೆಸಿಕೊಂಡು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

"ನವರಾತ್ರಿಯ ಹೊತ್ತಿಗೆ ಮಗು ಬಿಳಿಚಿಕೊಂಡಿತು ಅಕ್ಕ. ಸುಮ್ಮನೆ ಮಲಗಿರುತ್ತಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ರಕ್ತ ಬಹಳ ಕಡಿಮೆ ಇದೆ ಎಂದರು. ಊಟ ಹೇಗೆ ಬದಲಾಯಿಸುವುದು ಎಂದು ನಿಮ್ಮನ್ನೇ ಕೇಳಬೇಕೆಂದಿದ್ದೆ. 'ನಾನು ಅವತ್ತೇ ಹೇಳಿರಲಿಲ್ಲವೇ' ಎಂದುಬಿಡುತ್ತೀರಿ ಎಂದು ಹೆದರಿ ಸುಮ್ಮನಾದೆ."

ಎರಡು ತಿಂಗಳು! ಮಗುವಿನ ಕಾಯಿಲೆಯನ್ನು ಆ ತಾಯಿ ಎರಡು ತಿಂಗಳ ಕಾಲ ನಮ್ಮಿಂದ ಮುಚ್ಚಿಟ್ಟಿದ್ದಳು. ಅದಕ್ಕೆ ಕಾರಣ ನಮ್ಮ ನಾಲಿಗೆ. ಸರಿಯಾದ ಮಾತನ್ನು ಹೇಳಿದೆವೆಂದು ನಾವು ಹೆಮ್ಮೆಪಟ್ಟಿದ್ದೆವು. ಆ ಮಾತೇ ನೆರವು ಬರಬೇಕಾಗಿದ್ದ ಬಾಗಿಲನ್ನು ಮುಚ್ಚಿತ್ತು.

ಮನೆಯ ಪರಿಸ್ಥಿತಿಯೂ ಅಂದೇ ನಮಗೆ ತಿಳಿದದ್ದು. ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದ್ದು 2017ರ ಕಾಯ್ದೆ ತಿದ್ದುಪಡಿ. ಅದು ದೊಡ್ಡ ಉಪಕಾರವೇ ಸರಿ. ಆದರೆ 26 ವಾರವೆಂದರೆ ಆರು ತಿಂಗಳು. ಹೆರಿಗೆಗೆ ಮುಂಚಿನ ದಿನಗಳೂ ಅದರಲ್ಲಿ ಸೇರಿದರೆ ಇನ್ನೂ ಕಡಿಮೆ. ಅಂದರೆ ಮಗುವಿಗೆ ಮೊದಲ ತುತ್ತನ್ನು ಕಲಿಸಬೇಕಾದ ದಿನವೇ ತಾಯಿ ಕೆಲಸಕ್ಕೆ ಹಿಂತಿರುಗಬೇಕಾಗುತ್ತದೆ. ನಮ್ಮ ಗೆಳತಿ ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆ ಐದಕ್ಕೆ. ಪತಿಗೆ ತಿಂಗಳಲ್ಲಿ ಇಪ್ಪತ್ತು ದಿನ ಪರವೂರಿನ ತಿರುಗಾಟ. ಅತ್ತೆಯವರಿಗೆ ಮಂಡಿನೋವು, ಕೈನಡುಕ. ಒಮ್ಮೆ ಸೆರಗಿಗೆ ಕಿಡಿ ತಾಗಿದ ಮೇಲೆ ಗ್ಯಾಸ್ ಒಲೆಯ ಬಳಿ ಹೋಗಲು ಭಯ. ಸೊಸೆ ಫ್ಲಾಸ್ಕಿನಲ್ಲಿ ತುಂಬಿಸಿಟ್ಟ ಚಹಾ ಮತ್ತು ಪೊಟ್ಟಣದ ಬಿಸ್ಕತ್ತು ಇಷ್ಟೇ ಅವರ ಕೈಗೆ ಎಟುಕುತ್ತಿದ್ದದ್ದು. ಮೊಮ್ಮಗಳು ಹಸಿದು ಅಳಬಾರದೆಂದು ಅವರು ತಮ್ಮ ಪಾಲಿನದನ್ನೇ ಹಂಚಿಕೊಳ್ಳುತ್ತಿದ್ದರು. ನಮ್ಮ ಕಣ್ಣಿಗೆ ಬಿದ್ದಿದ್ದು ಬಿಸ್ಕತ್ತು ಮಾತ್ರ.

ಈ ಕಥೆ ಒಂದು ಮನೆಯದಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆರರಿಂದ ಇಪ್ಪತ್ಮೂರು ತಿಂಗಳ ಕೂಸುಗಳಲ್ಲಿ ಸಾಕಷ್ಟು ಆಹಾರ ದೊರೆಯುತ್ತಿದ್ದುದು ನೂರರಲ್ಲಿ ಸುಮಾರು ಹನ್ನೊಂದು ಮಕ್ಕಳಿಗೆ ಮಾತ್ರ. ಇಷ್ಟು ಮನೆಗಳ ತಾಯಂದಿರೆಲ್ಲರೂ ಸೋಮಾರಿಗಳು, ಅಜ್ಞಾನಿಗಳು ಎಂದು ಹೇಳಲಾದೀತೇ? ಎರಡು ವರ್ಷದೊಳಗಿನ ಮಕ್ಕಳ ಸಿದ್ಧ ಆಹಾರದ ಜಾಹೀರಾತನ್ನು 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ. ಆದರೆ ಬಿಸ್ಕತ್ತು, ಚಿಪ್ಸುಗಳು ಬಣ್ಣಬಣ್ಣದ ಚಿತ್ರಗಳೊಂದಿಗೆ ಪ್ರತಿ ಅಂಗಡಿಯ ಮುಂದೆಯೂ ತೂಗುತ್ತಿವೆ. ಕಡಿಮೆ ಬೆಲೆಗೆ ಸಿಗುವ, ಒಲೆ ಬೇಡದ, ಮಗು ಅಳದೆ ತಿನ್ನುವ ವಸ್ತು ಅದೊಂದೇ ಆದಾಗ ದಣಿದ ಕೈ ಅತ್ತ ಚಾಚುವುದು ಸಹಜ.

ಆ ಭಾನುವಾರ ನಾವೆಲ್ಲರೂ ಕುಳಿತು ಒಂದು ಏರ್ಪಾಡು ಮಾಡಿಕೊಂಡೆವು. ಪಕ್ಕದ ಮನೆಯ ತಾಯಿಯೊಬ್ಬರು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಹತ್ತು ನಿಮಿಷದಲ್ಲಿ ರಾಗಿ ಸರಿ ಕಾಯಿಸಿಕೊಡಲು ಸಂತೋಷದಿಂದ ಒಪ್ಪಿದರು. ಮಾಗಿದ ಬಾಳೆಹಣ್ಣನ್ನು ಚಮಚದಿಂದ ಕಿವುಚಿ ತಿನ್ನಿಸಲು ಒಲೆಯೇ ಬೇಡವಾದ್ದರಿಂದ ಆ ಕೆಲಸ ಅತ್ತೆಯವರದಾಯಿತು. ಪತಿರಾಯರು ಊರಿನಲ್ಲಿದ್ದ ದಿನ ರಾಗಿ ನೆನೆಸಿ ಮೊಳಕೆ ಕಟ್ಟುವ ಹೊಣೆ ಹೊತ್ತರು. ಸಂಜೆ ಗೆಳತಿ ಅನ್ನದೊಂದಿಗೆ ಹೆಸರುಬೇಳೆ, ಸೊಪ್ಪು ಬೇಯಿಸಿ ನುಣ್ಣಗೆ ಮಸೆದು, ಚಮಚ ತುಪ್ಪ ಮತ್ತು ನಾಲ್ಕು ಹನಿ ನಿಂಬೆರಸ ಸೇರಿಸಿ ಉಣ್ಣಿಸತೊಡಗಿದಳು. ನಿಂಬೆಯ ಹುಳಿಯಿಂದ ಸೊಪ್ಪು, ಬೇಳೆಗಳ ಕಬ್ಬಿಣ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಬಿಳಿ ಅಕ್ಕಿಯಲ್ಲಿರುವುದು ಹತ್ತರ ಆಸುಪಾಸು ಮಾತ್ರ. ಆದರೆ ರಾಗಿಯೊಂದರಿಂದಲೇ ರಕ್ತ ತುಂಬುವುದಿಲ್ಲ ಎಂಬುದನ್ನು ತಾಯಂದಿರು ಮರೆಯಬಾರದು. ವೈದ್ಯರು ಬರೆದುಕೊಟ್ಟ ಕಬ್ಬಿಣದ ಹನಿಗಳನ್ನು ತಪ್ಪದೆ ಕೊಡಲಾಯಿತು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆರಡು ಬಾರಿ ಕಬ್ಬಿಣದ ಸಿರಪ್ಪು ಕೊಡುವ ಯೋಜನೆ ಸರ್ಕಾರದಲ್ಲಿದೆ. ಆಶಾ ಕಾರ್ಯಕರ್ತೆಯರನ್ನೋ ಅಂಗನವಾಡಿಯನ್ನೋ ವಿಚಾರಿಸಲು ಯಾರೂ ನಾಚಬೇಕಾಗಿಲ್ಲ.

2024ರ ಯುಗಾದಿಯ ಹೊತ್ತಿಗೆ ಮಗು ಗೋಡೆ ಹಿಡಿದು ಮನೆಯೆಲ್ಲ ಓಡಾಡುತ್ತಿತ್ತು. ರಕ್ತದ ಪ್ರಮಾಣವೂ ಏರಿದೆಯೆಂದು ವೈದ್ಯರು ಹೇಳಿದರು. ಬಿಸ್ಕತ್ತು ಪೂರ್ತಿ ನಿಂತಿತೇ ಎಂದು ಕೇಳಿದರೆ, ಇಲ್ಲ, ಆಗೊಮ್ಮೆ ಈಗೊಮ್ಮೆ ಅಜ್ಜಿಯ ಕೈಯಿಂದ ಒಂದು ತುಣುಕು ಸಿಗುತ್ತಿತ್ತು. ನಾವು ನೋಡಿಯೂ ನೋಡದವರಂತೆ ಇದ್ದೆವು.

ಹಾಗಾದರೆ ತಪ್ಪನ್ನು ಕಂಡರೂ ಬಾಯಿ ಮುಚ್ಚಿಕೊಂಡಿರಬೇಕೇ ಎಂದು ಓದುಗರು ಕೇಳಬಹುದು. ನಮ್ಮ ಅಭಿಪ್ರಾಯ ಅದಲ್ಲ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುತ್ತಿದ್ದರೆ, ಗಂಟಲಿಗೆ ಸಿಕ್ಕಿಕೊಳ್ಳುವ ಇಡೀ ಕಡಲೆಬೀಜ ಕೊಡುತ್ತಿದ್ದರೆ, ಪುಡಿಹಾಲಿಗೆ ಅಳತೆ ಮೀರಿ ನೀರು ಬೆರೆಸುತ್ತಿದ್ದರೆ ಆ ಕ್ಷಣವೇ ತಡೆಯುವುದು ನಮ್ಮ ಕರ್ತವ್ಯ. ಅದಕ್ಕೆ ಸಂಕೋಚ ಸಲ್ಲದು. ಆದರೆ ಹೇಳುವುದನ್ನು ನಾಲ್ಕು ಜನರೆದುರು ಹೇಳದೆ ಪಕ್ಕಕ್ಕೆ ಕರೆದು ಹೇಳಬೇಕು. "ಏಕೆ ಕೊಟ್ಟೆ?" ಎನ್ನುವ ಮೊದಲು "ಹಗಲು ಹೊತ್ತಿನಲ್ಲಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಬೇಕು. ಮಾತಿನ ಜೊತೆಗೆ ನಮ್ಮ ಕೈಯಿಂದಾಗುವ ಒಂದು ಕೆಲಸವೂ ಇರಬೇಕು. ತಾಯಿಯೊಬ್ಬಳನ್ನೇ ಹೊಣೆ ಮಾಡದೆ ತಂದೆಯನ್ನೂ ಆ ಮಾತಿನಲ್ಲಿ ಕೂರಿಸಿಕೊಳ್ಳಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಹಿರಿಯರ ಗಾದೆ ಬೇರೆಲ್ಲಕ್ಕಿಂತ ಹೆಚ್ಚಾಗಿ ಬಾಣಂತಿಯ ಕೋಣೆಗೆ ಅನ್ವಯಿಸುತ್ತದೆ.

ಮಗುವಿರುವ ಮನೆಗೆ ಈಗ ನಾವು ಬಿಸ್ಕತ್ತು ಒಯ್ಯುವುದನ್ನು ಬಿಟ್ಟಿದ್ದೇವೆ. ನಾಲ್ಕು ಬಾಳೆಹಣ್ಣು, ಇಲ್ಲವೇ ಒಂದು ಡಬ್ಬಿ ಮೊಳಕೆ ರಾಗಿಹಿಟ್ಟು ನಮ್ಮ ಚೀಲದಲ್ಲಿರುತ್ತದೆ. ಮನೆಯ ಹಿರಿಯರು ಅನುಮತಿ ಕೊಟ್ಟರೆ ಅಡುಗೆಮನೆಗೆ ಹೋಗಿ ಸರಿ ಕಾಯಿಸಿಯೂ ಕೊಡುತ್ತೇವೆ. ನಮ್ಮ ಓದುಗ ತಾಯಂದಿರು, ಸಹೋದರರು ಮುಂದಿನ ಬಾರಿ ತೊಟ್ಟಿಲಿರುವ ಮನೆಗೆ ಹೋಗುವಾಗ ಚೀಲದಲ್ಲಿ ಏನಿದೆಯೆಂದು ಒಮ್ಮೆ ನೋಡಿಕೊಳ್ಳಲಿ ಎಂದು ಪ್ರಾರ್ಥಿಸುತ್ತೇವೆ.