ತಾಯಿ ಕಾರ್ಡ್ ಮೆಡಿಕಲ್ ಅಂಗಡಿಗೂ ಹೋಗಲಿ

ಮಗುವಿನ ಮೈ ಬಿಸಿಯಾದರೆ ನಮ್ಮ ಹಳ್ಳಿಗಳಲ್ಲಿ ಬಹಳಷ್ಟು ಜನ ಮೊದಲು ಹೋಗುವುದು ದವಾಖಾನೆಗಲ್ಲ, ಮೆಡಿಕಲ್ ಅಂಗಡಿಗೆ. ಯಾವಗಲ್‌ನಂಥ ಊರಿನಿಂದ ರೋಣಕ್ಕೋ ನರಗುಂದಕ್ಕೋ ಹೋಗಿಬಂದರೆ ಒಂದು ದಿನದ ಕೂಲಿ ಕೈತಪ್ಪುತ್ತದೆ. ಬೆಣ್ಣೆಹಳ್ಳ ತುಂಬಿ ಬಂದಾಗ ದಾರಿಯೂ ಕಷ್ಟ. ಹೀಗಾಗಿ ಗುಳಿಗೆ ಕೊಡುವವರೇ ಅನೇಕ ಕುಟುಂಬಗಳಿಗೆ ಮೊದಲ ಸಲಹೆಗಾರರು. ಇದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಈಗಾಗಲೇ ಇರುವ ಈ ನಂಬಿಕೆಯನ್ನು ಮಕ್ಕಳ ಲಸಿಕೆಗೆ ಏಕೆ ಬಳಸಿಕೊಳ್ಳಬಾರದು ಎಂಬುದು ನನ್ನ ಪ್ರಶ್ನೆ.

ಲಸಿಕೆಯ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 12ರಿಂದ 23 ತಿಂಗಳ ವಯಸ್ಸಿನ ಶೇ 62.6ರಷ್ಟು ಮಕ್ಕಳಿಗೆ ಮೂಲ ಲಸಿಕೆಗಳೆಲ್ಲ ಸಿಕ್ಕಿದ್ದವು. 2019-21ರ ಸಮೀಕ್ಷೆಯಲ್ಲಿ ಇದು ಶೇ 84.1ಕ್ಕೆ ಏರಿತು. ಮನೆಮನೆ ಅಲೆಯುವ ಆಶಾ ಕಾರ್ಯಕರ್ತೆಯರಿಗೆ, ಆರೋಗ್ಯ ಸಹಾಯಕಿಯರಿಗೆ ಇದರ ಶ್ರೇಯ ಸಲ್ಲಬೇಕು. ಆದರೂ ಸುಮಾರು ಆರು ಮಕ್ಕಳಲ್ಲಿ ಒಂದು ಮಗು ಉಳಿದೇಹೋಯಿತು. ದಡಾರ, ಗಂಟಲಮಾರಿ, ನಾಯಿಕೆಮ್ಮು ಮೊದಲು ಹುಡುಕಿಕೊಂಡು ಬರುವುದು ಈ ಉಳಿದ ಮಕ್ಕಳನ್ನೇ.

ಇವರೆಲ್ಲ ಲಸಿಕೆಯನ್ನು ವಿರೋಧಿಸುವ ಮನೆಯ ಮಕ್ಕಳಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿ ಬಿಸಿಜಿ, ಪೋಲಿಯೊ ಹನಿ ಆಗಿರುತ್ತದೆ. ಒಂದೂವರೆ ತಿಂಗಳಿಗೆ ಪೆಂಟಾ ಲಸಿಕೆಯ ಮೊದಲ ಡೋಸೂ ಆಗಿರುತ್ತದೆ. ಆ ರಾತ್ರಿ ಮಗುವಿಗೆ ಜ್ವರ ಬಂದು, ತೊಡೆ ಬಾತು, ಬೆಳಗಿನವರೆಗೂ ಅಳುತ್ತದೆ. ‘ಚೊಲೋ ಇದ್ದ ಕೂಸಿಗೆ ಸೂಜಿ ಹಾಕಿಸಿ ಜ್ವರ ತಂದಿರಿ’ ಎಂದು ಮನೆಯ ಹಿರಿಯರು ಗದರುತ್ತಾರೆ. ಎರಡನೆಯ ಡೋಸ್ ಅಲ್ಲಿಗೇ ನಿಲ್ಲುತ್ತದೆ. ಇನ್ನು ಕೆಲವರು ದುಡಿಯಲು ಗೋವಾಕ್ಕೆ, ಮಂಗಳೂರಿಗೆ ಹೋಗುತ್ತಾರೆ. ಕಾರ್ಡು ಊರಲ್ಲೇ ಟ್ರಂಕಿನಲ್ಲಿ ಉಳಿಯುತ್ತದೆ.

ಆ ಜ್ವರದ ಮರುದಿನ ಬೆಳಿಗ್ಗೆ ತಂದೆ ಎಲ್ಲಿಗೆ ಹೋಗುತ್ತಾನೆ? ಪ್ಯಾರಾಸಿಟಮಾಲ್ ಹನಿ ಕೇಳಿಕೊಂಡು ಮೆಡಿಕಲ್ ಅಂಗಡಿಗೆ. ಆಗ ಅಂಗಡಿಯವರು, ‘ಲಸಿಕೆ ಹಾಕಿಸಿದಾಗ ಇಂಥ ಜ್ವರ ಸಹಜ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ, ಮಗು ಮೊಲೆ ಕುಡಿಯದಿದ್ದರೆ ತಡಮಾಡದೆ ದವಾಖಾನೆಗೆ ಹೋಗಿ. ಮುಂದಿನ ಡೋಸ್ ನಾಲ್ಕು ವಾರಕ್ಕೆ, ಮರೆಯಬೇಡಿ’ ಎಂದರೆ ಸಾಕು. ನಾವು ವೈದ್ಯರು ಹತ್ತು ಸಲ ಹೇಳಿದರೂ ಆಗದ ಕೆಲಸ ಆ ಗಳಿಗೆಯಲ್ಲಿ ಒಂದು ಮಾತಿನಿಂದ ಆಗುತ್ತದೆ.

ಅಂಗಡಿಯವರು ಕೇಳಬೇಕಾದ ಇನ್ನೊಂದು ಪ್ರಶ್ನೆ: ‘ತಾಯಿ ಕಾರ್ಡ್ ಎಲ್ಲಿ?’ 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ, 16ರಿಂದ 24 ತಿಂಗಳೊಳಗೆ ಅದರ ಎರಡನೆಯ ಡೋಸ್ ಮತ್ತು ಡಿಪಿಟಿ ಬೂಸ್ಟರ್, 5ರಿಂದ 6 ವರ್ಷದೊಳಗೆ ಇನ್ನೊಂದು ಬೂಸ್ಟರ್, 10 ಮತ್ತು 16ನೇ ವರ್ಷಕ್ಕೆ ಟಿಡಿ ಲಸಿಕೆ. ಮಗು ದೊಡ್ಡದಾದಂತೆ ಮರೆವು ಹೆಚ್ಚುತ್ತದೆ. ತಡವಾದರೆ ಮೊದಲಿನಿಂದ ಶುರುಮಾಡಬೇಕು ಎಂಬ ತಪ್ಪು ತಿಳಿವಳಿಕೆಯೂ ಇದೆ. ಹಾಗಿಲ್ಲ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಬಹುದು. ಕಾರ್ಡು ಜೊತೆಗಿದ್ದರೆ ಗೋವಾದ ಸರ್ಕಾರಿ ಆಸ್ಪತ್ರೆಯಲ್ಲೂ ಉಳಿದ ಡೋಸ್ ಉಚಿತವಾಗಿ ಸಿಗುತ್ತದೆ.

ದೊಡ್ಡವರ ವಿಷಯದಲ್ಲಿ ನಾಯಿ ಕಡಿತವನ್ನೇ ನೋಡಿ. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅಂದೇ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7 ಮತ್ತು 28ನೇ ದಿನ ಮತ್ತೆ ಚುಚ್ಚುಮದ್ದು ಬೇಕು. ಗಾಯ ಒಣಗಿತೆಂದು ನಡುವೆ ಬಿಡುವವರು ಬಹಳ. ರೇಬಿಸ್ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧ ನಮ್ಮ ಬಳಿ ಇಲ್ಲ. ಗಾಯದ ಮುಲಾಮು ಕೇಳಿ ಬಂದವರಿಗೆ ಅಂಗಡಿಯವರು ಈ ದಿನಾಂಕಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಒಂದು ಜೀವವನ್ನೇ ಉಳಿಸಿದಂತೆ.

ಹಾಗಾದರೆ ಅಂಗಡಿಯವರೇ ಲಸಿಕೆ ಚುಚ್ಚಬಾರದೇ? ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ 2009ರ ಹೊತ್ತಿಗೆ ಫಾರ್ಮಸಿಸ್ಟರಿಗೆ ಈ ಅನುಮತಿ ಸಿಕ್ಕಿತ್ತು. ಅಲ್ಲಿ ಅದಕ್ಕೆ ಪ್ರತ್ಯೇಕ ತರಬೇತಿ ಇದೆ. ಲಸಿಕೆಯಿಂದ ತೀವ್ರ ಅಲರ್ಜಿ ಆಗುವುದು ಬಹಳ ಅಪರೂಪ. ಆದರೆ ಆದಾಗ ಅಡ್ರಿನಾಲಿನ್ ಕೈಯಲ್ಲಿರಬೇಕು, ಅದನ್ನು ಕೊಡಲು ಗೊತ್ತಿರಬೇಕು. ನಮ್ಮಲ್ಲಿ ಎಷ್ಟೋ ಕಡೆ ಫಾರ್ಮಸಿಸ್ಟರ ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿರುತ್ತದೆ, ಔಷಧ ಕೊಡಲು ಒಬ್ಬ ಹುಡುಗ ನಿಂತಿರುತ್ತಾನೆ. ಈ ಸ್ಥಿತಿ ಬದಲಾಗುವವರೆಗೆ ಅಂಗಡಿಯಲ್ಲಿ ಸೂಜಿ ಬೇಡವೆಂಬುದೇ ನನ್ನ ಅಭಿಪ್ರಾಯ.

ಲಸಿಕೆಯ ಶೈತ್ಯವೂ ಮುಖ್ಯ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನೊಳಗೆ ಅದು ಇರಬೇಕು. ಬಿಸಿಯಾದರೆ ಕೆಡುತ್ತದೆ, ಪೆಂಟಾ, ಟಿಡಿಯಂಥವು ಹೆಪ್ಪುಗಟ್ಟಿದರೂ ಕೆಡುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆಳಿಗ್ಗೆ, ಸಂಜೆ ಫ್ರಿಜ್‌ನ ಉಷ್ಣಾಂಶ ಬರೆದಿಡುವ ನಿಯಮವಿದೆ. ಅನೇಕ ಕಡೆ ಈ ಕೆಲಸ ಮಾಡುವವರು ಅಲ್ಲಿನ ಫಾರ್ಮಸಿಸ್ಟರೇ. ನೀವು ಹೊರಗೆ ಲಸಿಕೆ ಕೊಳ್ಳುವುದಾದರೆ, ಅಂಗಡಿಯ ಫ್ರಿಜ್‌ನಲ್ಲಿ ಥರ್ಮಾಮೀಟರ್ ಇದೆಯೇ, ಕರೆಂಟು ಹೋದರೆ ಏನು ವ್ಯವಸ್ಥೆ ಎಂದು ಸಂಕೋಚವಿಲ್ಲದೆ ಕೇಳಿ.

ಉಚಿತ ಲಸಿಕೆಗೆ ಗಿರಾಕಿಯನ್ನು ಕಳಿಸಿದರೆ ಅಂಗಡಿಗೆ ಏನು ಲಾಭ ಎನ್ನಬಹುದು. 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾದ ಮೇಲೆ ಶಿಕ್ಷಕರು, ಅಂಗನವಾಡಿಯವರು, ಸ್ವಯಂಸೇವಕರು ಬೂತಿನಲ್ಲಿ ಕುಳಿತದ್ದು ಲಾಭಕ್ಕಲ್ಲ. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಕಂಡಿತು. 2014ರ ಮಾರ್ಚ್‌ನಲ್ಲಿ ನಾವು ಪೋಲಿಯೊಮುಕ್ತರಾದೆವು. ಆರೋಗ್ಯ ಇಲಾಖೆ ತಾಲ್ಲೂಕಿನ ಔಷಧ ವ್ಯಾಪಾರಿಗಳನ್ನು ಅರ್ಧ ದಿನ ಕರೆದು ತಿಳಿಹೇಳಲಿ, ಲಸಿಕೆಯ ದಿನ ಮತ್ತು ಸ್ಥಳದ ಫಲಕವನ್ನು ಪ್ರತಿ ಅಂಗಡಿಗೂ ಕೊಡಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ.

ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಮುಂದಿನ ಸಲ ಮಗುವಿಗೆ ಔಷಧ ತರಲು ಹೊರಟಾಗ ಕಾರ್ಡನ್ನೂ ಕೈಯಲ್ಲಿ ಹಿಡಿಯಿರಿ. ಅಂಗಡಿಯವರು ಕೇಳದಿದ್ದರೆ ನೀವೇ ತೋರಿಸಿ, ‘ಇದರಲ್ಲಿ ಏನು ಬಾಕಿ ಇದೆ ನೋಡ್ರಿ’ ಎನ್ನಿ. ಅವರಿಗೆ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಗೆ ತೋರಿಸಿ. ಬಾಕಿ ಇದ್ದರೆ ಮುಂದಿನ ಲಸಿಕೆ ದಿನದಂದೇ ಹಾಕಿಸಿ.