ಶಬ್ದವಿಚಾರ: ‘ವೆಲ್‌ಕಮ್’

ಸುಳ್ಯದಿಂದ ನಮ್ಮ ಆಲೆಟ್ಟಿಗೆ ಬರುವ ದಾರಿಯಲ್ಲಿ, ಮದುವೆಯ ತಿಂಗಳುಗಳಲ್ಲಿ, ಬಾಳೆಯ ಕಂಬವಿಲ್ಲದ ಚಪ್ಪರವನ್ನಾದರೂ ಕಾಣಬಹುದು. ‘ವೆಲ್‌ಕಮ್’ ಎಂಬ ಇಂಗ್ಲಿಷು ಶಬ್ದವಿಲ್ಲದ ದ್ವಾರವನ್ನು ಕಾಣುವುದು ದುರ್ಲಭ. ಬಟ್ಟೆಯ ಮೇಲೆ, ಹಲಗೆಯ ಮೇಲೆ, ಬಣ್ಣದ ವಿದ್ಯುದ್ದೀಪಗಳಲ್ಲಿ, ಕಡೆಗೆ ಹೊಸ್ತಿಲ ಹೊರಗೆ ಹಾಸಿದ ಕಾಲೊರಸಿನ ಮೇಲೆಯೂ ಆ ಶಬ್ದವು ವಿರಾಜಿಸುತ್ತಿರುವುದು. ಕಾಲೊರಸಿನ ವಿಚಾರವನ್ನು ಇಲ್ಲಿಯೇ ಹೇಳಿ ಮುಗಿಸುವೆವು. ಅಕ್ಷರವಿರುವ ಕಾಗದದ ಚೂರು ಕಾಲಿಗೆ ತಾಗಿದರೆ ಅದನ್ನು ಎತ್ತಿ ಕಣ್ಣಿಗೊತ್ತಿಕೊಳ್ಳಬೇಕೆಂದು ಮಕ್ಕಳಿಗೆ ಕಲಿಸುವ ಗೃಹಸ್ಥರೇ, ಅಕ್ಷರಗಳನ್ನು ನೇಯ್ದ ಹಾಸನ್ನು ಬಾಗಿಲಿಗೆ ಹಾಕಿ, ಬಂದವರು ಅದರ ಮೇಲೆ ಕೆಸರುಗಾಲನ್ನು ಉಜ್ಜುವಂತೆ ಮಾಡುವುದು ಒಂದು ವಿನೋದವೇ ಸರಿ. ಸರಸ್ವತಿಯು ಇಂಗ್ಲಿಷು ಲಿಪಿಯಲ್ಲಿ ವಾಸಿಸುವುದಿಲ್ಲವೆಂದು ಇವರಿಗೆ ಯಾರು ಹೇಳಿದರೋ!

ಈ ಶಬ್ದವನ್ನು ಬರೆಯುವ ಕ್ರಮವು ಹೇಗೆಂದು ಕೆಲವರು ನಮ್ಮನ್ನು ಕೇಳಿರುವರು. ಬಣ್ಣ ಬಳಿಯುವವನು ‘ವೆಲ್’ ಎಂಬುದನ್ನು ಎಡಗಂಬಕ್ಕೂ ‘ಕಮ್’ ಎಂಬುದನ್ನು ಬಲಗಂಬಕ್ಕೂ ಹಂಚಿಬಿಡುವನು. ಉದಾರಿಯಾದವನು ‘ಎಲ್’ ಅಕ್ಷರವನ್ನು ಎರಡು ಸಲ ಬರೆಯುವನು. ಇದು ಒಂದೇ ಶಬ್ದ. ‘ಎಲ್’ ಒಂದೇ ಸಾಕು. ಆದರೆ ಬಣ್ಣದವನನ್ನು ಹೆಚ್ಚು ದೂಷಿಸುವಂತಿಲ್ಲ. ಹೇಗೆಂದರೆ, ‘ವೆಲ್’ ಎಂದರೆ ಚೆನ್ನಾಗಿ, ‘ಕಮ್’ ಎಂದರೆ ಬರುವುದು, ಇವೆರಡೂ ಕೂಡಿ ಈ ಶಬ್ದವಾಯಿತೆಂದು ಆತನು ತಿಳಿದಂತೆ, ಬಹುಕಾಲದ ಹಿಂದೆ ಇಂಗ್ಲಿಷು ಜನರೂ ತಿಳಿದುದರಿಂದಲೇ ಶಬ್ದದ ಮೊದಲ ಸ್ವರವು ಈಗಿನಂತೆ ಆಯಿತು. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ರೂಪವು ‘ವಿಲ್‌ಕುಮ’ ಎಂದು. ಅಲ್ಲಿ ‘ವಿಲ್ಲ’ ಎಂದರೆ ಇಚ್ಛೆ, ಸಂತೋಷ. ‘ಕುಮ’ ಎಂದರೆ ಬಂದವನು, ಅತಿಥಿ. ಯಾವನ ಬರುವಿಕೆಯು ನಮ್ಮ ಇಷ್ಟಕ್ಕೆ ಅನುಗುಣವಾಗಿರುವುದೋ ಅವನೇ ‘ವಿಲ್‌ಕುಮ’. ಜರ್ಮನರ ‘ವಿಲ್‌ಕಾಮೆನ್’ ಎಂಬುದರಲ್ಲಿ ಆ ಹಳೆಯ ಸ್ವರವು ಇಂದಿಗೂ ಉಳಿದಿದೆ. ಫ್ರೆಂಚರ ‘ಬ್ಯಾಂವೆನ್ಯೂ’ ಎಂಬಂಥ, ‘ಒಳ್ಳೆಯ ಬರವು’ ಎಂಬರ್ಥದ ಶಬ್ದಗಳ ಸಹವಾಸದಿಂದ ಇಂಗ್ಲಿಷಿನಲ್ಲಿ ‘ವಿಲ್’ ಎಂಬುದು ‘ವೆಲ್’ ಆಗಿ, ಇಚ್ಛೆಯೆಂಬ ಅರ್ಥವು ಮರೆಯಾಯಿತು.

ನಮ್ಮ ‘ಸ್ವಾಗತ’ ಶಬ್ದವು ಈ ಎರಡನೆಯ ಜಾತಿಗೆ ಸೇರಿದುದು. ಸು ಎಂಬುದರ ಮುಂದೆ ಆಗತ ಎಂಬುದು ಬಂದು ಯಣ್ ಸಂಧಿಯಾಗಿದೆ. ‘ಸ್ವಾಗತಂ ತೇ’ ಎಂದರೆ ನಿನ್ನ ಬರವು ಒಳ್ಳೆಯದಾಯಿತು ಎಂದು ತಾತ್ಪರ್ಯ; ಪ್ರಯಾಣವು ಸುಖಕರವಾಯಿತೆ ಎಂಬ ವಿಚಾರಣೆಯೂ ಅದರಲ್ಲಿ ಅಡಗಿದೆ. ದೇವರ ಷೋಡಶೋಪಚಾರಗಳನ್ನು ಎಣಿಸುವಾಗ ಕೆಲವು ಪದ್ಧತಿಗಳಲ್ಲಿ ಆಸನವಾದ ಮೇಲೆ ಸ್ವಾಗತವೂ, ಬಳಿಕ ಪಾದ್ಯವೂ ಅರ್ಘ್ಯವೂ ಬರುವುವು. ಮನೆಗೆ ಬಂದ ನೆಂಟನಿಗೆ ಮಾಡತಕ್ಕುದನ್ನೇ ದೇವರಿಗೂ ಮಾಡುವೆವೆಂಬುದು ಇದರಿಂದ ಸ್ಪಷ್ಟ. ಹನ್ನೊಂದು ಅಕ್ಷರಗಳ ಪಾದವುಳ್ಳ ಒಂದು ವೃತ್ತಕ್ಕೂ ‘ಸ್ವಾಗತಾ’ ಎಂದು ಹೆಸರು. ಅದಕ್ಕೂ ಪ್ರಕೃತಕ್ಕೂ ಸಂಬಂಧವಿಲ್ಲ, ಶಬ್ದವು ಕಂಡೊಡನೆ ವೃತ್ತವು ನೆನಪಾಗುವುದು ನಮ್ಮ ಅಭ್ಯಾಸದ ದೋಷ.

ಇನ್ನು ‘ಸುಸ್ವಾಗತ’. ಸು ಎಂಬುದು ಒಳಗೆ ಒಂದು ಸಲ ಇರಲಾಗಿ ಹೊರಗೆ ಇನ್ನೊಂದೇಕೆಂದು ವೈಯಾಕರಣರು ಹುಬ್ಬು ಗಂಟಿಕ್ಕುವರು. ಅತಿಶಯವನ್ನು ಹೇಳುವುದಕ್ಕಾಗಿ ಇಟ್ಟುಕೊಂಡರೆಂದು ಸಮಾಧಾನ ಹೇಳಬಹುದು. ಸಕ್ಕರೆಗೆ ಸಕ್ಕರೆ ಬೆರಸಿದರೆ ದೋಷವಿಲ್ಲ, ಲಾಭವೂ ಇಲ್ಲ. ಇದಕ್ಕಿಂತ ನಮ್ಮನ್ನು ಹೆಚ್ಚು ನೋಯಿಸುವ ಪ್ರಯೋಗವು ‘ಸ್ವಾಗತ ಬಯಸುವವರು’ ಎಂಬುದು. ದೊಡ್ಡ ದೊಡ್ಡ ಪಟಗಳ ಕೆಳಗೆ ಹತ್ತು ಹನ್ನೆರಡು ಜನರ ಮುಖಗಳನ್ನು ಅಚ್ಚು ಹಾಕಿಸಿ ಹೀಗೆ ಬರೆಯಿಸಿರುವರು. ಸಭೆಗಳಲ್ಲಿಯೂ ‘ತಮಗೆಲ್ಲರಿಗೂ ಸ್ವಾಗತವನ್ನು ಬಯಸುತ್ತೇನೆ’ ಎಂದು ಕೇಳಿಬರುವುದು. ಸ್ವಾಗತವನ್ನು ಬಯಸತಕ್ಕವನು ಬಂದವನಲ್ಲವೆ? ಕರೆದವನು ಅದನ್ನು ಕೊಡಬೇಕಾದವನು. ಕೊಡಬೇಕಾದುದನ್ನು ತಾನೇ ಬಯಸುತ್ತ ನಿಂತರೆ ಬಂದವರ ಗತಿಯೇನು? ‘ಸ್ವಾಗತಿಸುತ್ತೇನೆ’ ಎಂದರೆ ಸಾಕು.

ಹಾಗಾದರೆ ಬಯಸುವುದೆಂಬ ಮಾತು ಈ ಪ್ರಸಂಗಕ್ಕೆ ಎಲ್ಲಿಂದ ಬಂದಿತು? ಮದುವೆಯ ಕರೆಯೋಲೆಯನ್ನು ತೆಗೆದು ನೋಡಿರಿ. ‘ತಮ್ಮ ಸುಖಾಗಮನವನ್ನು ಬಯಸುವ’ ಎಂದು ಕೊನೆಯಲ್ಲಿ ಇರುವುದು. ಸಂಸ್ಕೃತಪ್ರಿಯರು ‘ಆಗಮನಾಭಿಲಾಷಿಗಳು’ ಎಂದೂ ಬರೆಯುವರು. ಇದು ಶುದ್ಧವಾದ ಮಾತು. ಅಷ್ಟೇ ಅಲ್ಲ; ಬರುವಿಕೆಯನ್ನು ಇಚ್ಛಿಸುವುದೆಂಬ ಈ ಅರ್ಥವೇ ಹಳೆಯ ‘ವಿಲ್‌ಕುಮ’ ಶಬ್ದದ ಅರ್ಥ. ಇಂಗ್ಲಿಷರು ತಮ್ಮ ಶಬ್ದದಲ್ಲಿ ಕಳೆದುಕೊಂಡ ಇಚ್ಛೆಯು ನಮ್ಮ ಕರೆಯೋಲೆಯ ಕಡೆಯ ಪಂಕ್ತಿಯಲ್ಲಿ ಸುರಕ್ಷಿತವಾಗಿದೆಯೆಂದರೆ ಆಶ್ಚರ್ಯವಲ್ಲವೆ?

ಅಚ್ಚಗನ್ನಡದಲ್ಲಿ ಈ ಅರ್ಥಕ್ಕೆ ಶಬ್ದವಿಲ್ಲವೆನ್ನುವವರುಂಟು. ತಮಿಳರು ‘ನಲ್‌ವರವು’ ಎನ್ನುವಂತೆ ನಾವು ‘ನಲ್ಬರವು’ ಎನ್ನೋಣವೆಂದು ಅವರ ಸಲಹೆ. ಎನ್ನಲಿ, ಅಡ್ಡಿಯಿಲ್ಲ. ಆದರೆ ನಮ್ಮಲ್ಲಿ ‘ಇದಿರ್ಗೊಳ್’ ಎಂಬ ಹಳೆಯ ಧಾತುವಿರುವುದನ್ನು ಮರೆಯಬಾರದು. ಬರುವವನ ಇದಿರಿಗೆ ಹೋಗಿ ಅವನನ್ನು ಕರೆದುಕೊಳ್ಳುವುದೇ ಇದಿರ್ಗೊಳ್ಳುವುದು. ಸಂಸ್ಕೃತದ ಶಬ್ದವು ಬಂದವನ ಬರವನ್ನು ಹೊಗಳುತ್ತದೆ. ಇಂಗ್ಲಿಷಿನದು ಮನೆಯವನ ಮನಸ್ಸನ್ನು ಹೇಳುತ್ತಿದ್ದಿತು. ಕನ್ನಡದ ಶಬ್ದವು ಮನೆಯವನನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತದೆ. ನಮ್ಮ ಸೀಮೆಯಲ್ಲಿ ದಿಬ್ಬಣವು ಬಂದಾಗ ಹೆಣ್ಣಿನ ಕಡೆಯವರು ಅಂಗಳವನ್ನಿಳಿದು ಮುಂದೆ ಹೋಗಿ ಕೈಕಾಲಿಗೆ ನೀರು ಕೊಡುವುದು ಇದೇ. ನಿತ್ಯದ ಮನೆಯಲ್ಲಾದರೆ ಇದು ‘ಬನ್ನಿ’ ಎಂಬ ಎರಡಕ್ಷರದ ಮಾತು. ತುಳುವರು ‘ಬಲೆ, ಕುಲ್ಲುಲೆ’ ಎನ್ನುವರು. ಬಳಿಕ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ, ‘ಆಸರಿಗೆ ಏನು ಬೇಕು?’ ಎಂಬ ಪ್ರಶ್ನೆ. ಜಾತಿಯೂ ಭಾಷೆಯೂ ಬೇರೆಯಾದರೂ ಆಲೆಟ್ಟಿಯ ಜಗಲಿಗಳಲ್ಲಿ ಈ ಕ್ರಮವು ಹೆಚ್ಚುಕಡಿಮೆ ಒಂದೇ ಆಗಿತ್ತು.

ಈ ಎರಡಕ್ಷರವು ತಪ್ಪಿದರೆ ಏನಾಗುವುದೆಂಬುದಕ್ಕೆ ಪುರಾತನ ನಿದರ್ಶನಗಳು ಬೇಕಾದಷ್ಟಿವೆ. ನಚಿಕೇತನು ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿರಬೇಕಾದುದರಿಂದ ಸಾಕ್ಷಾತ್ ಯಮನೇ ಒಂದೊಂದು ರಾತ್ರಿಗೆ ಒಂದೊಂದು ವರವನ್ನು ತೆತ್ತನು. ಶಾಕುಂತಲ ನಾಟಕದ ನಾಲ್ಕನೆಯ ಅಂಕದಲ್ಲಿ ದುರ್ವಾಸರು ಆಶ್ರಮದ ಬಾಗಿಲಲ್ಲಿ ನಿಂತು ತಾವು ಬಂದಿರುವೆವೆಂದು ಕೂಗಿ ಹೇಳಿದರೂ ಶಕುಂತಲೆಗೆ ಕೇಳಿಸಲಿಲ್ಲ. ಆಕೆಯಲ್ಲಿ ಅಹಂಕಾರವಿರಲಿಲ್ಲ, ಅನಾದರವಿರಲಿಲ್ಲ. ಮನಸ್ಸು ಬೇರೆ ಕಡೆಗಿತ್ತು, ಅಷ್ಟೆ.

ಮನಸ್ಸು ಬೇರೆ ಕಡೆಗಿರುವುದು ಈಗಲೂ ಉಂಟು. ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯ ಒಂದು ಕುಟುಂಬದ ಮದುವೆಯು ಪೇಟೆಯ ಸಭಾಂಗಣದಲ್ಲಿ ನಡೆಯಿತು. ದ್ವಾರದಲ್ಲಿ ಹೂವಿನಿಂದ ಬರೆದ ‘ವೆಲ್‌ಕಮ್’ ಇತ್ತು. ವಿದ್ಯುತ್ತಿನಿಂದ ಕೈಮುಗಿಯುವ ಬೊಂಬೆಯೂ ಇತ್ತು. ವಧುವಿನ ಅಜ್ಜಿಗೆ ಒಬ್ಬನೇ ಅಣ್ಣ, ಎಂಬತ್ತನ್ನು ದಾಟಿದವರು, ಗಡಿಯಾಚೆಯ ಬಂದಡ್ಕದ ಕಡೆಯಿಂದ ಬಸ್ಸಿನಲ್ಲಿ ಒಬ್ಬರೇ ಬಂದರು. ಮನೆಯವರೆಲ್ಲರೂ ಆಗ ವೇದಿಕೆಯ ಮೇಲೆ ಛಾಯಾಚಿತ್ರದವನ ಮಾತಿನಂತೆ ಸಾಲುಗೂಡಿ ನಿಂತಿದ್ದರು. ಹಿರಿಯರು ದ್ವಾರದಲ್ಲಿ ಸ್ವಲ್ಪ ಹೊತ್ತು ನಿಂತು, ಹಿಂದಿನ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕುಳಿತು, ಉಡುಗೊರೆಯ ಲಕೋಟೆಯನ್ನು ಪರಿಚಯವಿಲ್ಲದ ಹುಡುಗನೊಬ್ಬನ ಕೈಯಲ್ಲಿ ಕೊಟ್ಟು, ಉಣ್ಣದೆ ಹಿಂದಿರುಗಿದರು. ರಾತ್ರಿ ಲಕೋಟೆಗಳನ್ನು ಒಡೆಯುವಾಗಲೇ ಅವರು ಬಂದಿದ್ದುದು ಮನೆಯವರಿಗೆ ತಿಳಿದುದು. ‘ಅಣ್ಣ ಬಂದು ಉಣ್ಣದೆ ಹೋದನೇ!’ ಎಂದು ಆ ಮುದುಕಿಯು ಅತ್ತುದನ್ನು ನಾವು ಕೇಳಿದೆವು. ಮರುದಿನ ಮಗನು ಹೋಗಿ ಕಾಲು ಹಿಡಿದನು. ಹಿರಿಯರು ನಕ್ಕು, ‘ನನಗೆ ಕೋಪವಿಲ್ಲ ಮಗಾ, ಬಾ ಎನ್ನುವವರು ಇಲ್ಲದಲ್ಲಿ ಎಲೆಯ ಮುಂದೆ ಹೇಗೆ ಕುಳಿತುಕೊಳ್ಳಲಿ?’ ಎಂದರಂತೆ. ಬೊಂಬೆಯು ಅವರಿಗೂ ಕೈಮುಗಿದಿತ್ತು.

ಇದು ನಮ್ಮ ಕಾಲದ ಕೇಡು ಮಾತ್ರವೆಂದು ತಿಳಿಯಬೇಕಾಗಿಲ್ಲ. 12ನೆಯ ಶತಮಾನದಲ್ಲಿಯೇ ಬಸವಣ್ಣನವರು ಒಂದು ವಚನದಲ್ಲಿ, ಬಂದವರ ಕ್ಷೇಮವನ್ನು ವಿಚಾರಿಸಿ ಆಸನವನ್ನು ತೋರಿಸಿದ ಮಾತ್ರಕ್ಕೆ ನಿಮ್ಮ ಸಂಪತ್ತಿಗೆ ಏನು ಹಾನಿಯೆಂದು ಉಳ್ಳವರನ್ನು ತರಾಟೆಗೆ ತೆಗೆದುಕೊಂಡಿರುವರು. ಆಗಲೂ ಬಾಗಿಲಲ್ಲಿ ನಿಂತು ಕಾದವರು ಇದ್ದರೆಂದಾಯಿತು.

ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಮತ್ತೊಂದು ಉಪಯೋಗವುಂಟು. ಉಪಕಾರವನ್ನು ಪಡೆದವನು ‘ಥ್ಯಾಂಕ್ಸ್’ ಎಂದರೆ ಮಾಡಿದವನು ‘ಯೂ ಆರ್ ವೆಲ್‌ಕಮ್’ ಎನ್ನಬೇಕು. ಷೇಕ್ಸ್‌ಪಿಯರನ ‘ಒಥೆಲೋ’ ನಾಟಕದಲ್ಲಿ ಲೊಡೊವಿಕೊ ವಂದನೆ ಹೇಳಿದಾಗ ಡೆಸ್ಡಿಮೋನಳು ಈ ರೀತಿಯಲ್ಲಿಯೇ ಉತ್ತರ ಕೊಡುವಳು. ಇಲ್ಲಿ ‘ವೆಲ್‌ಕಮ್’ ಎಂಬುದು ವಿಶೇಷಣವಾದುದರಿಂದ ‘ವೆಲ್‌ಕಮ್ಡ್’ ಎನ್ನುವುದು ತಪ್ಪು. ಇದನ್ನು ಕನ್ನಡಕ್ಕೆ ತಂದು, ಧನ್ಯವಾದ ಹೇಳಿದವನಿಗೆ ‘ನಿಮಗೆ ಸ್ವಾಗತ’ ಎಂದು ಉತ್ತರ ಕೊಡುವುದನ್ನು ಈಚೆಗೆ ನೋಡುತ್ತಿದ್ದೇವೆ. ಹೊರಟು ನಿಂತವನಿಗೆ ಸ್ವಾಗತವೆಂದರೆ ಅವನು ಮರಳಿ ಒಳಗೆ ಬರಬೇಕೆ? ‘ಇರಲಿ’, ‘ಅದೇನು ಮಹಾ’, ‘ಅಷ್ಟಕ್ಕೆಲ್ಲ ಉಪಕಾರವೇಕೆ’ ಎಂಬ ಮಾತುಗಳು ಮನೆಯಲ್ಲಿಯೇ ಇರುವಾಗ ಸಾಲವೇಕೆ?

ಬೀಳ್ಕೊಡುವಾಗಲೂ ನಮ್ಮಲ್ಲಿ ‘ಬನ್ನಿ’ ಎಂಬ ಶಬ್ದವೇ ಬರುವುದು. ಅದು ಇಂಗ್ಲಿಷಿನ ಶಬ್ದಕ್ಕೆ ಇಲ್ಲದ ಶಕ್ತಿ. ಅತಿಥಿಗೆ ಬರೇ ‘ಹೋಗಿ’ ಎನ್ನುವುದು ಕೂಡದು. ಕನ್ನಡದಲ್ಲಿ ‘ಹೋಗಿ ಬನ್ನಿ’, ತುಳುವಿನಲ್ಲಿ ‘ಪೋದು ಬಲೆ’; ಹೊರಡುವ ಮಲೆಯಾಳಿಯೂ ‘ಪೋಯಿಟ್ಟು ವರಾಂ’ ಎಂದೇ ಹೇಳುವನು. ಒಂದು ಕಡೆ ಮಾತ್ರ ಇದಕ್ಕೆ ಅಪವಾದ. ಸಾವಿನ ಮನೆಯಿಂದ ಹೊರಡುವವರು ಹೋಗಿ ಬರುತ್ತೇವೆನ್ನುವುದಿಲ್ಲ, ಮನೆಯವರೂ ಬನ್ನಿರೆನ್ನುವುದಿಲ್ಲ. ಮಾತಿಲ್ಲದೆ ಅಂಗಳವನ್ನು ಇಳಿದು ಹೋಗುವರು.