ಪಡಾ ಭೂಮಿ ಖಾಲಿ ಭೂಮಿಯಲ್ಲ

ಆಳಂದ, ಅಫಜಲಪುರ, ಜೇವರ್ಗಿ ಅಂದ್ರೆ ಕರಿಮಣ್ಣು, ತೊಗರಿ, ಬಿಸಿಲು. ಇಲ್ಲಿಯವರಿಗೆ ಗುಡ್ಡದ ನೆತ್ತಿಯ ಓತಿಕ್ಯಾತದ ಕಥೆ ಯಾಕ್ರೀ ಅಂತ ನೀವು ಕೇಳಬಹುದು. ನಮ್ಮ ಮಡ್ಡಿಗೂ ಅದಕ್ಕೂ ಸಂಬಂಧ ಇದೆ, ಅದಕ್ಕೇ ಬರೀತಿದ್ದೀನಿ.

ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಚಾಳಕೇವಾಡಿ ಅನ್ನೋ ಎತ್ತರದ ಬಯಲಿದೆ. ಸಾವಿರ ಮೀಟರ್ ಮೇಲೆ, ಬರೀ ಜಂಬಿಟ್ಟಿಗೆ ಕಲ್ಲು, ಕುರುಚಲು ಹುಲ್ಲು, ವಿಪರೀತ ಗಾಳಿ. ಅಲ್ಲೊಂದು ಓತಿಕ್ಯಾತ ಇದೆ. ಗಂಡಿನ ಗಂಟಲ ಕೆಳಗೆ ನೀಲಿ, ಕಪ್ಪು, ಕೇಸರಿ ಬಣ್ಣದ ಬೀಸಣಿಗೆ! ಇದು ಬೇರೆಯದೇ ಪ್ರಭೇದ ಅಂತ ವಿಜ್ಞಾನಿಗಳು ಹೆಸರಿಟ್ಟದ್ದು 2016ರಲ್ಲಿ: ಸರಡಾ ಸುಪರ್ಬಾ. 'ಸರಡಾ' ಅಂದ್ರೆ ಮರಾಠಿಯಲ್ಲಿ ಓತಿಕ್ಯಾತವೇ. ಆಳಂದದ ಗಡಿ ಹಳ್ಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ ಬಿಡಿ :)

ಅದೇ ಬಯಲಿನ ತುಂಬ ಗಾಳಿಯಂತ್ರಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಸಂಗಡಿಗರು ಅಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಯಂತ್ರಗಳಿರೋ ಕಡೆ ಹದ್ದು, ಗಿಡುಗದಂಥ ಬೇಟೆ ಹಕ್ಕಿಗಳು ಸುಮಾರು ನಾಲ್ಕರಲ್ಲಿ ಒಂದು ಪಾಲಿನಷ್ಟೇ ಇದ್ದವು. ತಿನ್ನೋರು ಕಡಿಮೆ ಆದ್ರೆ ಓತಿಕ್ಯಾತಗಳಿಗೆ ಹಬ್ಬ ಅಲ್ವಾ? ಸಂಖ್ಯೆಯೇನೋ ಹೆಚ್ಚಿತ್ತು. ಆದ್ರೆ ಮೈಯಲ್ಲಿ ಕಸುವಿಲ್ಲ, ಗಂಡುಗಳ ಬಣ್ಣ ಮಂಕು, ಮನುಷ್ಯ ತೀರಾ ಹತ್ತಿರ ಹೋದರೂ ಓಡ್ತಿರಲಿಲ್ಲ. ಮೇಲೆ ರೆಕ್ಕೆ ತಿರುಗಿದ್ದಕ್ಕೆ ಕೆಳಗೆ ನೆಲದ ಮೇಲಿನ ಜೀವಿಯ ಸ್ವಭಾವ, ಬಣ್ಣ ಎರಡೂ ಬದಲಾದವು.

ನನಗೆ ಗಾಳಿ ವಿದ್ಯುತ್ ಬೇಡ ಅನ್ನೋ ಹಟ ಇಲ್ಲ. ಕಲ್ಲಿದ್ದಲು ಸುಡೋದಕ್ಕಿಂತ ಸಾವಿರ ಪಾಲು ವಾಸಿ. ತಕರಾರು ಇರೋದು 'ಖಾಲಿ ಜಾಗ' ಅನ್ನೋ ಮಾತಿನ ಬಗ್ಗೆ. ಉಳುಮೆಗೆ ಬಾರದ್ದೆಲ್ಲ ನಮ್ಮ ಪಹಣಿಯಲ್ಲಿ ಖರಾಬು. ಕುರಿ ಮೇಯೋ ಮಡ್ಡಿ, ಕಲ್ಲುಹಾಸು, ಹುಲ್ಲುಬಯಲು, ಎಲ್ಲಾ ಬಂಜರು. ಕಾಡು ಕಡಿದರೆ ಹತ್ತು ಜನ ಕೂಗ್ತಾರೆ, ಮಡ್ಡಿ ಹೋದರೆ ಒಬ್ಬರೂ ಇಲ್ಲ. ಪರಿಸರ ಪರಿಣಾಮ ಅಂದಾಜು ಮಾಡಲೇಬೇಕು ಅನ್ನೋ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳೇ ಇಲ್ಲ!

ಹಾಗಾಗಿ ನಮ್ಮ ಮೂರು ತಾಲೂಕಿನ ಯಾವುದೇ ಮಡ್ಡಿಯನ್ನ ಗಾಳಿಗೋ ಸೋಲಾರಿಗೋ ಕೊಡೋ ಮೊದಲು ಅಲ್ಲಿ ಒಂದು ವರ್ಷ ಹಕ್ಕಿ, ಹಾವು, ಓತಿಕ್ಯಾತ ಎಣಿಸಲಿ. ಕುರಿ ಕಾಯೋರನ್ನ ಜೊತೆಗೆ ಕರಕೊಂಡು ಹೋಗಲಿ, ಯಾವ ಕಲ್ಲಿನ ಕೆಳಗೆ ಏನಿದೆ ಅಂತ ಅವರಿಗೆ ಗೊತ್ತಿರುತ್ತೆ. ಆ ಪಟ್ಟಿ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲಿ. ಕಂಬ ಎಲ್ಲಿ ನಿಲ್ಲಬೇಕು ಅನ್ನೋದು ಆಮೇಲೆ ಮಾತಾಡೋಣ.